ನಿಮ್ಮ ಎಲೆಗೆ ಕರಂಡೆ ಉಪ್ಪಿನಕಾಯಿ

ಉಮಾವತಿ ಅಕ್ಕಾ,

ಸತ್ತವರು ಕಾಗದ ಓದುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬದುಕಿದ್ದಾಗಲೂ ನೀವು ನನ್ನ ಮಾತು ಕೇಳಿದ್ದು ಅಷ್ಟರಲ್ಲೇ ಇತ್ತು.

ನಮ್ಮೂರ ಗುಡ್ಡದ ಪದವಿನ ಮುರಕಲ್ಲಿನ ನಡುವೆ ಬೆಳೆಯುವ, ಘಟ್ಟದವರು ಕವಳೆಕಾಯಿ ಎನ್ನುವ ಕರಂಡೆಯ ಬೀಜವನ್ನು ಒಮಾನಿನ ಸೊಹಾರಿಗೆ ತಂದು, ಮಗನ ಮನೆಯ ತಾರಸಿಯ ಕುಂಡದಲ್ಲಿ ಹಾಕಿದ್ದೆ. ಗಿಡ ಮೊಣಕಾಲೆತ್ತರ, ಮೈಯೆಲ್ಲ ಮುಳ್ಳು. ಇಲ್ಲಿನ ಬೆಂಕಿ ಬಿಸಿಲಿಗೂ ಅದರ ಹಸಿರು ಮಾಸಲಿಲ್ಲ. ಈ ಸಲ ಕಾಯಿ ಬಿಟ್ಟಿತು. ಮೊಮ್ಮಗಳು ಯಶ್ಮಿತಾ ಕೈ ಚುಚ್ಚಿಸಿಕೊಂಡು, "ಅಜ್ಜಿ, ಇದು ನಿಮ್ಮ ಹಾಗೇ, ಫುಲ್ ಶಾರ್ಪ್" ಎಂದಳು.

ನಿಮ್ಮ ಮೈದುನ, ನನ್ನ ಗಂಡ, ತೀರಿಕೊಂಡ ವರ್ಷ, ಉಪ್ಪಿನಕಾಯಿ ಹಾಕುವಾಗ ನೀವು ನನ್ನ ಕೈಯಿಂದ ಸೌಟು ಕಿತ್ತುಕೊಂಡದ್ದು ನೆನಪುಂಟಾ? "ಮುಂಡೆಯ ಕೈ ತಾಗಿದರೆ ಭರಣಿಯೇ ಹಾಳು, ಆಚೆ ಹೋಗು" ಎಂದಿರಿ. ಆಮೇಲೆ ಆ ಮನೆಯಲ್ಲಿ ನಾನು ಉಪ್ಪಿನಕಾಯಿ ಭರಣಿ ಮುಟ್ಟಲಿಲ್ಲ.

ಇಲ್ಲಿ ಮುಟ್ಟಿದೆ. ಕರಂಡೆ ಜಜ್ಜಿ, ಸೊನೆ ತೊಳೆದು, ಎರಡೂ ಕೈ ಹಾಕಿ ಕಲಸಿದೆ. ಒಂದು ಚೂರು ಬೂಸ್ಟು ಬರಲಿಲ್ಲ.

ಇವತ್ತು ನಿಮ್ಮ ಮಗಳು ಹರಿಣಾಕ್ಷಿ ಮಸ್ಕತ್ತಿನಿಂದ ಬಂದಿದ್ದಳು. ನಾಲಿಗೆಗಿಟ್ಟವಳೇ ಅತ್ತುಬಿಟ್ಟಳು. "ಚಿಕ್ಕಮ್ಮಾ, ಅಮ್ಮ ಹಾಕಿದ ಹಾಗೇ ಉಂಟಲ್ಲ! ಅಮ್ಮ ಹೋಗಿ ನಾಳೆಗೆ ವರ್ಷ, ಅವರ ಹೆಸರಲ್ಲಿ ಎಲೆ ಬಡಿಸ್ಲಿಕ್ಕುಂಟು. ಒಂದು ಬಾಟ್ಲಿ ಕೊಡಿ."

"ಎರಡು ತಕೊಂಡು ಹೋಗು" ಎಂದೆ.

ನಾಳೆ ನಿಮ್ಮ ಎಲೆಯ ತುದಿಗೆ ಮುಂಡೆಯ ಕೈಯ ಉಪ್ಪಿನಕಾಯಿ ಬೀಳುತ್ತದೆ, ಅಕ್ಕಾ. ಈಗ ಸೌಟು ಕಿತ್ತುಕೊಳ್ಳಿ ನೋಡುವ.

ಖಾರ ಮಾತ್ರ ಕಡಿಮೆ ಹಾಕಿದ್ದೇನೆ. ನಿಮ್ಮ ಹೊಟ್ಟೆಗೆ ಆಗುವುದಿಲ್ಲವಲ್ಲ.