ಮಂತ್ರಿಯ ಊಟ, ನಿನ್ನ ದನಿ

ಮನೆಯಿಂದ,
ಭಾನುವಾರ ಸಂಜೆ

ಕೂಡಿದ ಮಹಾಜನಗಳೇ, ಜೈಲಿನ ಬಾಗಿಲಲ್ಲಿ ಈ ಲಕೋಟೆ ಒಡೆದು ಎಲ್ಲರಿಗಿಂತ ಮೊದಲು ಓದುವ ಅಧಿಕಾರಿಗಳೇ, ಆಮೇಲೆ ನನ್ನ ಮಗನ ಹೆಗಲ ಮೇಲಿಂದ ಇಣುಕಿ ಓದುವ ಬ್ಯಾರಕ್ಕಿನ ಗೆಳೆಯರೇ, ಸರ್ವರಿಗೂ ಈ ಹಳೆಯ ನಟನ ನಮಸ್ಕಾರ. ಒಂದು ಮಾತು ಮೊದಲೇ ಅರಿಕೆ ಮಾಡಿಬಿಡುತ್ತೇನೆ. ಈ ಪತ್ರದಲ್ಲಿ ಮಂತ್ರಿ ಎಂದು ಬರುವವನು ನಮ್ಮ ಮನೆಯ ನಾಯಿ. ಮಂತ್ರಿಗೆ ಕಾಣದ ಹಾಗೆ ಬಚ್ಚಿಟ್ಟೆ, ಮಂತ್ರಿ ಪತ್ತೆ ಹಚ್ಚಿದ ಎಂದೆಲ್ಲ ಮುಂದೆ ಬರುತ್ತದೆ. ಅದರಲ್ಲಿ ಯಾವ ಒಳಸಂಚೂ ಇಲ್ಲ. ಇನ್ನು ಪರದೆ ಏಳಲಿ.

ಪ್ರೀತಿಯ ಮಗನೇ,

ಹೇಗಿದ್ದೀಯ? ನೆಲದ ಮೇಲೆ ಮಲಗಿ ಸೊಂಟ ಹಿಡಿದಿದೆ ಎಂದಿದ್ದೆ, ಈಗ ಸಡಿಲವಾಗಿದೆಯೇ? ಕಂಬಳಿಯನ್ನು ಹೊದೆಯುವ ಬದಲು ಮಡಿಸಿ ಕೆಳಗೆ ಹಾಕಿಕೋ. ನಿನ್ನ ಅಮ್ಮನ ಮೈಗೆ ಏನೂ ಆಗಿಲ್ಲ, ಹಟಕ್ಕೂ ಏನೂ ಆಗಿಲ್ಲ. ನೀನು ಕುಡಿದು ವ್ಯಾನು ಓಡಿಸಿ ಆ ಮುದುಕರ ಜೀವ ಹೋದ ವಾರವೇ ಅವಳು ಒಬ್ಬಳೇ ಅವರ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಬಂದಳಲ್ಲ, ಬಂದವಳೇ "ಇನ್ಮೇಲೆ ಈ ಮನೇಲಿ ಅವನ ಹೆಸರು ಎತ್ಬೇಡಿ" ಅಂದಳಲ್ಲ, ಆ ಮಾತಿಗೇ ನಿಂತಿದ್ದಾಳೆ. ಬುಧವಾರ ನಿನ್ನ ಫೋನು ಬಂದರೆ ಈಗಲೂ ಎದ್ದು ಮಹಡಿಗೆ ಹೋಗಿ, ಒಣಗದ ಬಟ್ಟೆಯನ್ನೇ ಎತ್ತಿಕೊಂಡು ಬರುತ್ತಾಳೆ. ನನಗೆ ಗಂಟಲು ಕೂತಿದೆ, ಅಷ್ಟೇ. ಡಾಕ್ಟರು ಮಾತು ಕಡಿಮೆ ಮಾಡಿ ಎಂದಿದ್ದಾರೆ. ನಲವತ್ತು ವರ್ಷ ರಾಜನ ಪಾರ್ಟು ಮಾಡಿದವನಿಗೆ ಹೇಳುವ ಮಾತೇ ಅದು?

ಮಂತ್ರಿಯ ಸಮಾಚಾರ ಕೇಳಿದ್ದೆಯಲ್ಲ. ವಿಸ್ತಾರವಾಗಿ ಹೇಳುತ್ತೇನೆ, ಕೇಳುವಂಥವನಾಗು. ನೀನು ಹೋದ ಮೇಲೆ ಅವನು ಊಟ ಬಿಟ್ಟ. ತಟ್ಟೆ ಇಟ್ಟರೆ ಅದರ ಮುಂದೆ ನೆಟ್ಟಗೆ ಕೂರುತ್ತಿದ್ದ, ಬಾಗಿಲು ನೋಡುತ್ತಿದ್ದ. ನೀನು ದಿನಾ "ಹೂಂ ಕಣೋ ಮಂತ್ರೀ, ಆಗಲಿ" ಎಂದು ಎಳೆದು ಹೇಳಿದ ಮೇಲೇ ಬಾಯಿ ಹಾಕುವ ಶಿಸ್ತು ಕಲಿಸಿದ್ದೀಯಲ್ಲ, ಆ ಅಪ್ಪಣೆಗೆ ಕಾಯುತ್ತಿದ್ದ. ಅನ್ನ ಗಟ್ಟಿಯಾಗಿ, ಇರುವೆ ಮುತ್ತಿ, ನಿನ್ನ ಅಮ್ಮ ತೆಗೆದು ಚೆಲ್ಲುವವರೆಗೂ ಕದಲುತ್ತಿರಲಿಲ್ಲ. ಪಕ್ಕೆಲುಬು ಎದ್ದು ಕಾಣತೊಡಗಿದಾಗ ನಾಯಿ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಆಕೆ, "ರೋಗ ಏನಿಲ್ಲ ಸಾರ್, ಬೇಜಾರು. ಊಟ ಅಂದ್ರೆ ಇವನಿಗೊಂದು ಆಟ ಅನ್ನಿಸ್ಬೇಕು, ಹಾಗ್ಮಾಡಿ" ಎಂದಳು.

ಆಟ ಎಂದರೆ ನನಗೆ ಗೊತ್ತಿರುವುದು ಒಂದೇ. ಅಂದು ಸಂಜೆ ಹೆಗಲಿಗೆ ಜರಿಯ ಶಾಲು ಕಟ್ಟಿ, ಮರದ ಕತ್ತಿ ಹಿಡಿದು, ತಟ್ಟೆಯನ್ನು ಎಡಗೈಯಲ್ಲಿ ಎತ್ತಿಕೊಂಡು ನಡುಮನೆಯಲ್ಲಿ ಪ್ರವೇಶ ಮಾಡಿದೆ. ರಾಜ್ಯ ಸೋತ ರಾಜ ತನ್ನ ಕೊನೆಯ ತುತ್ತನ್ನು ನಿಷ್ಠಾವಂತ ಮಂತ್ರಿಗೆ ಕೊಡುವ ದೃಶ್ಯ, ಅಲ್ಲೇ ಕಟ್ಟಿದ್ದು. ಮಾತು ಅರ್ಧಕ್ಕೆ ಬರುವ ಮೊದಲೇ ಮಂತ್ರಿ ಮಂಚದ ಕೆಳಗೆ ನುಗ್ಗಿದ. ಕೆಳಗಿನ ಮನೆಯ ದರ್ಜಿ ಮೆಟ್ಟಿಲು ಹತ್ತಿ ಬಂದು, "ಯಾರ್ಗೆ ಸಾರ್ ಬೈತಿರೋದು?" ಎಂದ. "ನಾಯಿಗೆ ಊಟ ಹಾಕ್ತಿದೀನಿ" ಎಂದರೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪಾಪ" ಎಂದು ಇಳಿದು ಹೋದ. ಪಾಪ ಎಂದದ್ದು ನಾಯಿಗೋ ನನಗೋ ತಿಳಿಯಲಿಲ್ಲ.

ಕೊನೆಗೆ ಬೇರೆ ದಾರಿ ಕಾಣದೆ, ದೀಪ ಹಚ್ಚುವ ಹೊತ್ತಿಗೆ ತಟ್ಟೆ ಇಟ್ಟು, ನಿನ್ನ ದನಿ ತೆಗೆದೆ. ಮೂಗಿನಲ್ಲಿ ಸ್ವಲ್ಪ, ಗಂಟಲಲ್ಲಿ ಸ್ವಲ್ಪ, ಕೊನೆಗೆ ಸೋಮಾರಿಯ ಹಾಗೆ ಒಂದು ಎಳೆತ. "ಹೂಂ ಕಣೋ ಮಂತ್ರೀ, ಆಗಲಿ." ಮಗನೇ, ಅವನು ತಲೆ ಬಗ್ಗಿಸಿ ತಿಂದ. ತಟ್ಟೆ ನೆಲದ ಮೇಲೆ ಜರುಗಿ ಗೋಡೆಗೆ ತಾಗುವವರೆಗೆ ನೆಕ್ಕಿದ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ನಿನ್ನ ಅಮ್ಮ ಬಾಗಿಲಿಗೆ ಬಂದು ನಿಂತಳು, ನನ್ನನ್ನು ನೋಡಿದಳು, ಒಳಗೆ ಹೋದಳು. ಮಾರನೆಯ ಸಂಜೆ ಅದೇ ಹೊತ್ತಿಗೆ ಸೊಪ್ಪು ಬಿಡಿಸುವ ನೆಪದಲ್ಲಿ ಬಾಗಿಲ ಬಳಿಯೇ ಕೂತಿದ್ದಳು. ಅದರ ಮಾರನೆಯ ದಿನ ಬಿಡಿಸಲು ಸೊಪ್ಪೂ ಇರಲಿಲ್ಲ, ಆದರೂ ಕೂತಿದ್ದಳು. ಆ ಒಂದು ಸಾಲು ಮುಗಿದ ಕೂಡಲೇ ಎದ್ದುಬಿಡುತ್ತಿದ್ದಳು. ನಾನು ನೋಡಿಯೂ ನೋಡದವನ ಹಾಗೆ ಇರುತ್ತಿದ್ದೆ. ಹೀಗೇ ತಿಂಗಳುಗಳು ಹೋದವು.

ಆಮೇಲೆ ನನ್ನ ಗಂಟಲು ಕೆಟ್ಟಿತು. ನಿನ್ನ ದನಿ ತೆಗೆಯಲು ಹೋದರೆ ಅರ್ಧಕ್ಕೇ ಒಡೆಯುತ್ತಿತ್ತು. ಚೆನ್ನಾಗಿ ಬಂದ ದಿನ ಫೋನಿನಲ್ಲಿ ಹಿಡಿದಿಟ್ಟು ಕೇಳಿಸಿದೆ. ಮಂತ್ರಿ ಫೋನನ್ನು ಮೂಸಿ ಮುಖ ತಿರುಗಿಸಿದ, ನಿನ್ನ ಅಮ್ಮನೂ ಹೊರಗೆ ಬರಲಿಲ್ಲ. ಮತ್ತೆ ಡಾಕ್ಟರಮ್ಮನ ಬಳಿ ಹೋಗಿ ನಡೆದದ್ದೆಲ್ಲ ಹೇಳಿದೆ. ಆಕೆ ನಗು ತಡೆದುಕೊಂಡು, "ಆಟ ಆಡ್ಬೇಕಾದ್ದು ನೀವಲ್ಲ ಸಾರ್, ನಾಯಿ" ಎಂದಳು. ಊಟ ತಟ್ಟೆಗೆ ಹಾಕಬೇಡಿ, ಬಚ್ಚಿಡಿ, ಅವನೇ ಹುಡುಕಿಕೊಳ್ಳಲಿ, ಮೂಗಿಗೆ ಕೆಲಸ ಬಿದ್ದರೆ ಕಾಯುವುದನ್ನು ಮರೆಯುತ್ತಾನೆ ಎಂದು ಬಿಡಿಸಿ ಹೇಳಿದಳು. ಹಾಗೇ ಮಾಡಿದೆ. ಹಳೆ ಟವೆಲಿನ ಮಡಿಕೆಗಳಲ್ಲಿ ಕೋಳಿಯ ಚೂರು ಇಟ್ಟು ಸುತ್ತಿದೆ. ರಟ್ಟಿನ ಮೊಟ್ಟೆ ಟ್ರೇಯ ಗುಳಿಗಳಲ್ಲಿ ಅನ್ನದುಂಡೆ ಇಟ್ಟು ಮೇಲೆ ಕಾಗದ ತುರುಕಿದೆ. ಮೊದಲ ದಿನ ಅವನು ಟವೆಲನ್ನೇ ದಿಟ್ಟಿಸಿ ಕೂತ. ಎರಡನೆಯ ದಿನ ಮೂಗು ಆಡಿತು. ಆಮೇಲೆ ನೋಡಬೇಕಿತ್ತು ನೀನು, ಮೂತಿಯಿಂದ ಟವೆಲು ಉರುಳಿಸುವುದೇನು, ಕಾಗದ ಕಿತ್ತು ಉಗಿಯುವುದೇನು, ಬಾಲ ಕುರ್ಚಿಯ ಕಾಲಿಗೆ ಬಡಿಯುವುದೇನು. ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ. ನಿನಗೆ ಇದು ನೋಯುತ್ತದೆ, ಗೊತ್ತು. ಆದರೆ ನಾಯಿ ಬದುಕಬೇಕಲ್ಲ.

ಆ ಸಂಜೆ ನಿನ್ನ ಅಮ್ಮ ಬಾಗಿಲಿಗೆ ಬಂದು, "ಯಾಕೆ, ಇವತ್ತು ಮಂತ್ರಿಗೆ ಊಟ ಇಲ್ವಾ?" ಎಂದು ಕೇಳಿದಳು. "ಕಣ್ಮುಂದೆ ತಿಂತಿದಾನಲ್ಲೇ" ಎಂದೆ. "ನೀವು ಕರೀಲೇ ಇಲ್ಲ" ಎಂದು, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯಲು ಹೋದಳು. ಮಾರನೆಯ ದಿನ ನೋಡಿದರೆ ಟವೆಲು ಬಕೆಟ್ಟಿನಲ್ಲಿ ನೆನೆಯುತ್ತಿತ್ತು. "ಗಬ್ಬು ನಾತ, ಒಗೆಯೋಕೆ ಹಾಕಿದೆ" ಎಂದಳು. ಇನ್ನೊಂದು ದಿನ ಮೊಟ್ಟೆ ಟ್ರೇ ಕಸದ ಬುಟ್ಟಿಯಲ್ಲಿತ್ತು, ಅದೂ ನಾಲ್ಕು ಚೂರಾಗಿ. ನಿನ್ನೆ ನಾನು ಬೇರೆ ಟ್ರೇ ತಂದಾಗ ಅವಳಿಗೆ ಸಿಟ್ಟು ಬಂತು. "ಈ ವಯಸ್ನಲ್ಲಿ ಆಟ ಗೀಟ ಎಲ್ಲ ಯಾಕ್ರೀ? ಸುಮ್ನೆ ಮೊದಲಿನ ಹಾಗೆ ಕರೀಬಾರ್ದಾ?" ಎಂದು ಸೆರಗಿನಿಂದ ಕೈ ಒರೆಸಿಕೊಂಡು ನಿಂತಳು. ಕೈ ಒಣಗಿಯೇ ಇತ್ತು. ನಾನು ಗಂಟಲು ಮುಟ್ಟಿ ತೋರಿಸಿದೆ. ಅವಳು ಟ್ರೇ ತೆಗೆದುಕೊಂಡು ಅನ್ನದುಂಡೆಗಳನ್ನು ತಾನೇ ಇಟ್ಟಳು.

ಹೊತ್ತಿಗೆ ಸರಿಯಾಗಿ ಉಣ್ಣು. ಯಾರೊಂದಿಗೂ ಜಗಳಕ್ಕೆ ಹೋಗಬೇಡ. ಪತ್ರ ಓದಿದ ಎಲ್ಲರಿಗೂ ಒಳ್ಳೆಯದಾಗಲಿ, ನಿನಗೆ ಎಲ್ಲರಿಗಿಂತ ಒಂದು ಹಿಡಿ ಜಾಸ್ತಿ ಆಗಲಿ.

ನಿನ್ನ,
ಅಪ್ಪ

ಮರೆತ ಮಾತು: ಗಂಟಲು ಬರೀ ಕೂತಿಲ್ಲ, ಮಗನೇ. ಒಳಗೆ ಗಡ್ಡೆ ಬೆಳೆದಿದೆ. ನಾಳೆ ಆಸ್ಪತ್ರೆಗೆ ಸೇರಬೇಕು, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ಈ ಪತ್ರವನ್ನು ಕೆಳಗಿನ ಮನೆಯ ದರ್ಜಿ ನಾಳೆಯೇ ಜೈಲಿನ ಬಾಗಿಲಿಗೆ ಮುಟ್ಟಿಸುತ್ತಾನೆ. ಬುಧವಾರ ನೀನು ಮಾಡುವ ಫೋನು ನನ್ನ ಮಂಚದ ಪಕ್ಕ, ನಿನ್ನ ಅಮ್ಮನ ಕೈಯಲ್ಲಿರುತ್ತದೆ. ಆಸ್ಪತ್ರೆಯಲ್ಲಿ ಬಟ್ಟೆ ಎತ್ತಲು ಅವಳಿಗೆ ಮಹಡಿ ಇಲ್ಲ. ಫೋನು ಎತ್ತಿದರೂ ಹಲೋ ಅನ್ನುವುದಿಲ್ಲ. ಲೈನು ಕಟ್ಟಾಯಿತೆಂದು ಇಟ್ಟುಬಿಡಬೇಡ. ಕ್ಷಮೆ ಗಿಮೆ ಎಂದು ಆರಂಭಿಸಲೂ ಬೇಡ. ಮಂತ್ರಿ ಏನು ತಿಂದ ಎಂದು ಕೇಳು, ಆಮೇಲೆ ಸುಮ್ಮನೆ ಮಾತಾಡುತ್ತಲೇ ಇರು. ನಾಳೆ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಳ್ಳುವ ಮೊದಲು ಮಂತ್ರಿಗೆ ತಟ್ಟೆಯಲ್ಲೇ ಊಟ ಇಟ್ಟು, ಎಷ್ಟು ಒಡೆದರೂ ಸರಿ, ನಿನ್ನ ದನಿಯಲ್ಲಿ ಒಂದು ಸಲ ಕರೆಯುತ್ತೇನೆ. ಅವನಿಗೆ ಅದು ಬೇಕಿಲ್ಲ. ಅಡುಗೆಮನೆಗೆ ಕೇಳಿಸುವಷ್ಟು ಜೋರಾಗಿ ಕರೆಯುತ್ತೇನೆ.