ಭಾನುವಾರದ ಬಟ್ಟೆ

ಅಪ್ಪ,

ನೀವು ಮಣ್ಣಾದರೂ, ದೇವರ ದಿನ ಬಟ್ಟೆ ಒಗೆಯುವುದೂ ಪಾಪವೆನ್ನುವ ನಿಮ್ಮ ಭಾನುವಾರ ಇನ್ನೂ ಸತ್ತಿಲ್ಲ. ಇವತ್ತು ನಮ್ಮ ಲೂಯಿಸ್ ದ್ವೀಪದಿಂದ ಮರ್ಡೀನಾ ಎಂಬ ಮೂರು ಮಕ್ಕಳ ತಾಯಿ ಫೋನ್ ಮಾಡಿದ್ದಳು. ಬಸಿರು ಬೇಡವೆನ್ನುವ ಹೆಂಗಸರ ಜೊತೆ ಫೋನಿನಲ್ಲೇ ಮಾತಾಡಿ, ಅಂಚೆಯಲ್ಲಿ ಮಾತ್ರೆ ಕಳಿಸುವ ಡಾಕ್ಟರು ನಾನೀಗ. ಹೌದು, ನಿಮ್ಮ ಮಗಳೇ.

ನೋವು ಹೇಗಿರುತ್ತದೆ, ರಕ್ತ ಎಷ್ಟು ಹೋದರೆ ಆಸ್ಪತ್ರೆಗೆ ಓಡಬೇಕು, ಎಲ್ಲ ಹೇಳಿದೆ. ಅವಳ ಚಿಂತೆಯೇ ಬೇರೆ.

“ಶನಿವಾರ ತಗೊಂಡ್ರೆ ಭಾನುವಾರ ಬೆಡ್‌ಶೀಟ್ ಒಗೀಬೇಕಾಗತ್ತಲ್ಲ ಡಾಕ್ಟ್ರೇ? ದೇವರು ಬೇಕಾದ್ರೆ ಕ್ಷಮಿಸ್ತಾನೆ. ಭಾನುವಾರ ತಂತಿ ಮೇಲೆ ಬಟ್ಟೆ ಕಂಡ್ರೆ ಚರ್ಚಿನ ಹಿರಿಯರು ಬಿಡ್ತಾರಾ?”

“ಸೋಮವಾರ ಶುರುಮಾಡಮ್ಮ, ಏನೂ ಆಗಲ್ಲ,” ಎಂದೆ. ಇಬ್ಬರೂ ನಕ್ಕೆವು. ನಕ್ಕಿದ್ದು ನಿಮ್ಮಂಥವರನ್ನು ನೆನೆದು: ಬೈಬಲ್ಲನ್ನು ಕಂಕುಳಲ್ಲಿಟ್ಟುಕೊಂಡು ಕಂಡವರ ಹಿತ್ತಿಲಲ್ಲಿ ಚಡ್ಡಿ ಎಣಿಸುತ್ತಿದ್ದ ಹಿರಿಯರನ್ನು.

ಹದಿನೇಳನೇ ವಯಸ್ಸಿನಲ್ಲಿ ನಾನು ಹಡಗು ಹತ್ತಿ ಆಚೆ ದಡಕ್ಕೆ ಹೋಗಿ, ಬಸಿರು ತೆಗೆಸಿಕೊಂಡು ಬಂದು ಮಲಗಿದ್ದೆ. ಅದೂ ಭಾನುವಾರವೇ. ರಕ್ತವಾಗಿದ್ದ ನನ್ನ ಹಾಸಿಗೆಬಟ್ಟೆಯನ್ನು ಅಮ್ಮ ಒಗೆದು ಹೊರಗೆ ತಂತಿ ಮೇಲೆ ಹಾಕಿದ್ದಳು. ನೀವು ಎಲ್ಲರಿಗಿಂತ ಮೊದಲು ಚರ್ಚಿಂದ ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತಿರಿ. ಏನಾಯಿತೆಂದು ಕೇಳುತ್ತೀರೇನೋ ಅಂತ ನಾನು ಕಷ್ಟಪಟ್ಟು ಎದ್ದು ಕೂತೆ.

“ಎದ್ದಿದ್ದೀಯಲ್ಲ, ಆ ಬಟ್ಟೆ ಒಳಗೆ ತಗೊಂಡು ಬಾ,” ಎಂದಿರಿ. “ಜನ ಚರ್ಚಿಂದ ಬರೋ ಹೊತ್ತಾಯ್ತು.”