ಮಾವನವರ ಕಾರು ಸ್ಟಾರ್ಟ್ ಆಯಿತು

ರೀ,

ಶೆಡ್ ಖಾಲಿಯಿದೆ ಎಂದು ಗಾಬರಿಯಾಗಬೇಡಿ, ಕಳ್ಳರು ಬಂದಿಲ್ಲ. ಮಾವನವರು ಹೋದಾಗಿನಿಂದ, ಅಂದರೆ ನಾಲ್ಕು ವರ್ಷದಿಂದ, ಮುಸುಕು ಹಾಕಿಕೊಂಡು ಮಲಗಿದ್ದ ಅವರ ಹಳೇ ಕಾರು ಎದ್ದುಬಿಟ್ಟಿದೆ!

ಬೆಳಿಗ್ಗೆ ನಿಮ್ಮ ಹೊಸ ಕಾರು ಗೇಟಿನ ಹತ್ತಿರ ಮತ್ತೆ ಮುಷ್ಕರ ಹೂಡಿತು. ದೀಪಗಳೆಲ್ಲ ಮಿನುಗಿದವೇ ಹೊರತು ಚಕ್ರ ಅಲುಗಲಿಲ್ಲ. ನೋಡಲು ಬಂದ ಮೆಕ್ಯಾನಿಕ್, "ಇದಕ್ಕೆ ಕಂಪ್ಯೂಟರ್ ಬೇಕಮ್ಮಾ, ನನ್ನ ಕೈಲಾಗಲ್ಲ" ಎಂದ. ಅತ್ತೆ ತಕ್ಷಣ, "ಹಾಗಾದ್ರೆ ಶೆಡ್ಡಲ್ಲಿರೋದನ್ನ ನೋಡಪ್ಪಾ, ಅದಕ್ಕೆ ಸ್ಪ್ಯಾನರ್ ಸಾಕು" ಎಂದರು! ಅವನು ಬ್ಯಾಟರಿ ಬದಲಿಸಿ, ಹಳೇ ಪೆಟ್ರೋಲ್ ಇಳಿಸಿ ಹೊಸದು ಸುರಿದು, ಬ್ರೇಕನ್ನೂ ಸರಿಮಾಡಿದ. ಮೂರನೇ ಸಲ ಕೀಲಿ ತಿರುಗಿಸಿದಾಗ ಗುಡುಗಿತು ನೋಡಿ! ಅತ್ತೆ ಚಪ್ಪಾಳೆ ತಟ್ಟಿ ನಗುತ್ತಾ ನಗುತ್ತಾ ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ.

ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ.

ಶೆಡ್ಡಿನ ನೆಲದಲ್ಲಿ ಆಯಿಲ್ ಚೆಲ್ಲಿದೆ. ಜಾರಿ ಬೀಳಬೇಡಿ, ಒರೆಸಿ.

ನಾಲ್ಕು ಗಂಟೆಗೆ ಗುಜರಿಯವನು ಬರುತ್ತಾನೆ. ಅಮ್ಮನನ್ನು ಒಂದು ಮಾತೂ ಕೇಳದೆ ಅವನನ್ನು ಕರೆದವರು ನೀವು, ವಾಪಸ್ ಕಳಿಸಬೇಕಾದವರೂ ನೀವೇ. ಬರಿಗೈಲಿ ಹೋಗಲ್ಲ ಎಂದು ಹಠ ಹಿಡಿದರೆ ಗೇಟಿನ ಹತ್ತಿರ ನಿಂತಿರುವುದನ್ನು ತೋರಿಸಿ.

ನಾವಿಬ್ಬರೂ ಕೆರೆಯ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುತ್ತೇವೆ. ಲೈಸೆನ್ಸ್ ಇರುವುದು ನನಗೆ, ಹಾಗಾಗಿ ಓಡಿಸುವವಳು ನಾನು. ಆ ಹಳೇ ಗೇರು ಹಾಕುವುದನ್ನು ಪಕ್ಕದಲ್ಲಿ ಕೂತು ಅತ್ತೆ ಹೇಳಿಕೊಡುತ್ತಾರಂತೆ. ಇವರಿಗೇನು ಗೊತ್ತು ಎಂದುಕೊಂಡು ನಾನು ಬಾಯಿ ತೆರೆದೆ, ಅಷ್ಟರಲ್ಲಿ ಅವರೇ ಹೇಳಿದರು: "ನಿಮ್ಮ ಮಾವನಿಗೆ ಕಾರು ಕಲಿಸಿದ್ದು ಯಾರು ಅಂದ್ಕೊಂಡೆ?"